ಎಣ್ಣೆ ಎರೆದುಕೊಂಡ ಟೈರುಗಳು

ವಸ್ತುಗಳನ್ನು ಕಾಪಾಡುವ ವಿದ್ಯೆಯಲ್ಲಿ ಇಡೀ ಧಾರವಾಡದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಲು ಕಾರಣವೂ ಇತ್ತು. ಹುಬ್ಬಳ್ಳಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತಾರು ವರ್ಷ ಸ್ಟೋರ್ ಕೀಪರ್ ಆಗಿದ್ದವನು ನಾನು. ನನ್ನ ಕಪಾಟಿನಿಂದ ಒಂದು ಬೋಲ್ಟು ಹೊರಗೆ ಹೋಗಬೇಕಾದರೆ, ಕೇಳಿದವನು ಮೂರು ಸಲ ಬಂದು, ನಾಲ್ಕನೇ ಸಲ ಬೇಡವೇ ಬೇಡ ಎಂದು ಕೈಮುಗಿದು ಹೋಗುತ್ತಿದ್ದ. ನಾನು ನೌಕರಿಗೆ ಸೇರಿದ ವರ್ಷ ಬಂದಿದ್ದ ಎರಡು ಪೆಟ್ಟಿಗೆ ಬೇರಿಂಗುಗಳು, ನಾನು ನಿವೃತ್ತನಾದ ದಿನವೂ ಮೇಣದ ಕಾಗದದೊಳಗೆ ಫಳಫಳ ಹೊಳೆಯುತ್ತ ಮಲಗಿದ್ದವು. ಅವನ್ನು ಹಾಕಬೇಕಾಗಿದ್ದ ಯಂತ್ರ ಮಾತ್ರ ಗುಜರಿಗೆ ಹೋಗಿ ಹನ್ನೆರಡು ವರ್ಷವಾಗಿತ್ತು.

ಇಂಥ ನನ್ನ ಕೈಗೆ ನಿವೃತ್ತಿಯ ಮರುವರ್ಷ ಒಂದು ಕ್ಯಾರವಾನ್ ಬಂತು. ಯಾರೋ ಪುಣ್ಯಾತ್ಮರು ಹಳೆಯ ಮಿನಿ ಬಸ್ಸೊಂದರೊಳಗೆ ಮಂಚ, ಒಲೆ, ನೀರಿನ ತೊಟ್ಟಿ, ಸಣ್ಣದೊಂದು ಶೌಚಾಲಯ ಎಲ್ಲವನ್ನೂ ಕೂಡಿಸಿ ಓಡಾಡುವ ಮನೆ ಮಾಡಿದ್ದರು. ಅವರಿಗೆ ಬೇಸರವಾಗಿ ಮಾರಿದರು, ನಾನು ಕೊಂಡೆ. ಕೊಂಡದ್ದು ನನ್ನ ಹೆಂಡತಿ ಸುಮಂಗಲಾಳಿಗಾಗಿ. ನಮ್ಮ ಮನೆಯಿಂದ ಸಮುದ್ರಕ್ಕೆ ನಾಲ್ಕು ತಾಸಿನ ದಾರಿ. ಆದರೂ ಸುಮಂಗಲಾ ಅರವತ್ತು ದಾಟುವವರೆಗೆ ಸಮುದ್ರ ನೋಡಿರಲಿಲ್ಲ. ಮೊದಲು ನನ್ನ ತಂದೆ ತಾಯಿಯ ಆರೈಕೆ, ಆಮೇಲೆ ಮಗಳ ಶಾಲೆ, ಪರೀಕ್ಷೆ, ಬಾಣಂತನ. ಇದೆಲ್ಲದರ ಜೊತೆಗೆ ನನ್ನದೊಂದು ಚಟ. ನಾನು ರಜೆಗಳನ್ನೂ ಕಾಪಾಡುತ್ತಿದ್ದೆ! ಎಲ್ಲ ಮುಗಿಯುವಷ್ಟರಲ್ಲಿ ಅವಳ ಮೊಣಕಾಲು ಹಿಡಿದುಕೊಂಡವು. ಬಸ್ಸು ಹತ್ತುವುದು, ಇಳಿಯುವುದು, ದಾರಿಯಲ್ಲಿ ಶೌಚಾಲಯ ಹುಡುಕುವುದು ಆಗದ ಮಾತಾಯಿತು. ಹಾಗಿದ್ದರೆ ಮನೆಯನ್ನೇ ಸಮುದ್ರಕ್ಕೆ ಒಯ್ಯುವುದೆಂದು ನಾನು ಅಧಿಕೃತವಾಗಿ ಘೋಷಿಸಿದೆ.

"ಖರೇನ?" ಎಂದಳು ಸುಮಂಗಲಾ.

"ಖರೇನ. ಸಮುದ್ರದ ದಂಡಿಮ್ಯಾಗ ನಿಂದ ಒಲಿ, ನಿಂದ ಚಹಾ, ನಿಂದ ಖಿಡಕಿ."

ಆ ದಿನ ಅವಳು ಕ್ಯಾರವಾನಿನ ಮೂರು ಮೆಟ್ಟಿಲುಗಳನ್ನು ತಾನೇ ಹತ್ತಿ, ಕಿಟಕಿಗೆ ಪರದೆ ಕಟ್ಟಿ, ಒಲೆಯ ಮೇಲೆ ಹಾಲು ಉಕ್ಕಿಸಿದಳು. ನಾನು ಕೆಳಗೆ ಬಗ್ಗಿ ಟೈರುಗಳನ್ನು ನೋಡುತ್ತಿದ್ದೆ. ಆಹಾ, ಏನು ಟೈರು! ಗ್ರಿಪ್ಪು ಒಂದು ಕೂದಲೆಳೆಯಷ್ಟೂ ಸವೆದಿರಲಿಲ್ಲ. ಮಗ್ಗುಲಲ್ಲಿ ಉಬ್ಬು ಅಕ್ಷರಗಳಲ್ಲಿ ಏನೇನೋ ಬರೆದು ಕೊನೆಗೆ 2215 ಎಂದಿತ್ತು. ನಾಲ್ಕು ಗಾಲಿಗೂ, ಸ್ಟೆಪ್ನಿಗೂ ಅದೇ ಸಂಖ್ಯೆ. ಎಲ್ಲ ಒಂದೇ ನಮೂನೆಯ ಮಾಲು ಎಂದು ನನ್ನೊಳಗಿನ ಸ್ಟೋರ್ ಕೀಪರ್ ತಲೆದೂಗಿದ. ಇಂಥ ಟೈರುಗಳನ್ನು ಸುಮ್ಮನೆ ರಸ್ತೆಯ ಮೇಲೆ ಉಜ್ಜಿ ಹಾಳುಮಾಡುವುದೇ ಎಂಬ ವಿಚಾರ ನನ್ನ ತಲೆಯನ್ನು ಹೊಕ್ಕಿದ್ದು ಅಂದೇ.

ಅಲ್ಲಿಂದ ನಾಲ್ಕು ವರ್ಷ ಕ್ಯಾರವಾನ್ ನಮ್ಮ ಅಂಗಳ ಬಿಟ್ಟು ಕದಲಲಿಲ್ಲ. ನಾನು ಸೋಮಾರಿಯಲ್ಲ, ಪ್ರತಿ ಋತುವಿಗೂ ನನ್ನ ಬಳಿ ಸಕಾರಣವಿತ್ತು. ಬೇಸಿಗೆಯಲ್ಲಿ ಡಾಂಬರು ಕಾಯ್ದು ರಬ್ಬರು ಸವೆಯುತ್ತದೆ. ಮಳೆಗಾಲದಲ್ಲಿ ಘಟ್ಟದ ರಸ್ತೆಯ ಕಲ್ಲು ಚುಚ್ಚುತ್ತವೆ. ಚಳಿಗಾಲದಲ್ಲಿ ಹಳಿಯಾಳ ದಾರಿಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಪದೇ ಪದೇ ಬ್ರೇಕು ಹಾಕಬೇಕು. ಆದ್ದರಿಂದ "ಮುಂದಿನ ಸಲ ಹೋಗೋಣಂತ."

ಟೈರು ಮುದಿಯಾಗದಂತೆ ನಾನು ಮಾಡಿದ ಉಪಚಾರಗಳನ್ನು ಹೇಳಿದರೆ ನಿಮಗೆ ನನ್ನ ಬಗ್ಗೆ ಗೌರವ ಬರುತ್ತದೆ, ಸ್ವಲ್ಪ ಹೊತ್ತಿಗಾದರೂ. ನೆಲದ ತೇವ ತಾಗಬಾರದೆಂದು ಪ್ರತಿ ಗಾಲಿಯ ಕೆಳಗೂ ಸಾಗವಾನಿ ಹಲಗೆ ಇಟ್ಟೆ. ಬಿಸಿಲು ಬೀಳಬಾರದೆಂದು ಗೋಣಿಚೀಲದಿಂದ ನಾಲ್ಕು ಕುಲಾಯಿ ಹೊಲಿಸಿದೆ. ಸ್ಟೆಪ್ನಿಯನ್ನು ಮೂರು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೊಂದು ಹಳೇ ಇಳಕಲ್ ಸೀರೆ ಉಡಿಸಿದೆ. ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಜಾಣ ಎನಿಸಿಕೊಳ್ಳುತ್ತಿದ್ದೆ.

ಮೊದಲ ದೀಪಾವಳಿ ಬಂತು. ನಮ್ಮ ಕಡೆ ಆ ಹಬ್ಬದಲ್ಲಿ ಬೆಳಗು ಮುಂಜಾನೆ ಮೈತುಂಬ ಎಣ್ಣೆ ಹಚ್ಚಿಕೊಂಡು, ಎರೆದುಕೊಂಡು, ಹೆಣ್ಣುಮಕ್ಕಳಿಂದ ಆರತಿ ಮಾಡಿಸಿಕೊಳ್ಳುವುದು ಪದ್ಧತಿ. ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ನನ್ನ ಬೆನ್ನಿಗೆ ತಿಕ್ಕುತ್ತ ಸುಮಂಗಲಾ, "ನೋಡ್ರಿ, ಚರ್ಮ ಹೆಂಗ ಒಣಗೇತಿ. ಎಣ್ಣಿ ಬಿದ್ದ ಕೂಡ್ಲೆ ಹೆಂಗ ಮೆತ್ತಗಾತು" ಎಂದಳು. ನನ್ನ ತಲೆಯಲ್ಲಿ ದೀಪ ಹತ್ತಿತು! ಮೈಮೇಲೆ ಒಂದು ಪಂಚೆ ಮಾತ್ರ ಇದ್ದ ಸ್ಥಿತಿಯಲ್ಲೇ ಎಣ್ಣೆಯ ಬಟ್ಟಲು ಹಿಡಿದು ಅಂಗಳಕ್ಕೆ ಓಡಿದೆ. ನಾಲ್ಕೂ ಟೈರುಗಳಿಗೆ ಮನಸಾರೆ ತಿಕ್ಕಿದೆ. ಸೀಗೇಪುಡಿ ಹಾಕಿ ಬಿಸಿನೀರು ಎರೆದೆ. ಒರೆಸಿ ಮತ್ತೆ ಒಂದು ಕೈ ಎಣ್ಣೆ ಸವರಿದೆ. ಟೈರುಗಳು ಮದುಮಕ್ಕಳಂತೆ ಹೊಳೆದವು.

"ಸುಮಂಗಲಾ, ಆರತಿ ತಗೊಂಡ ಬಾ!"

ಅವಳು ತಟ್ಟೆ ಹಿಡಿದು ನಿಧಾನಕ್ಕೆ ಬಂದಳು. ಟೈರುಗಳನ್ನು ನೋಡಿದಳು. ನನ್ನನ್ನು ನೋಡಿದಳು. "ನನ್ನ ಮೊಣಕಾಲಿಗೆ ಒಂದ ದಿನರ ಹಿಂಗ ಎಣ್ಣಿ ತಿಕ್ಕೀರೇನ್ರಿ?" ಎಂದಳು. ಆದರೂ ನಗುತ್ತಲೇ ನಾಲ್ಕು ಗಾಲಿಗೂ ಆರತಿ ಎತ್ತಿದಳು. ಅಂದಿನಿಂದ ಪ್ರತಿ ಶನಿವಾರ ಟೈರುಗಳಿಗೆ ಕುಸುಬಿ ಎಣ್ಣೆಯ ಸೇವೆ ಶುರುವಾಯಿತು. ಓಣಿಯ ನಾಯಿಗಳು ಸಾಲಾಗಿ ಬಂದು ಟೈರು ನೆಕ್ಕತೊಡಗಿದವು. ನಾಯಿಗಳನ್ನು ಓಡಿಸಿದರೆ ಇರುವೆ ಬಂದವು. ಇರುವೆಗೆ ಔಷಧ ಹಾಕಿದರೆ ಇಲಿ ಬಂತು. ಒಳ್ಳೆಯ ಮಾಲಿನ ಹಿಂದೆ ಎಲ್ಲರೂ ಬರುತ್ತಾರೆ ಎಂದು ನಾನು ಸಮಾಧಾನ ಪಟ್ಟುಕೊಂಡೆ.

ಇಂಜಿನ್ನು ಜಡ್ಡುಗಟ್ಟಬಾರದೆಂದು ಪ್ರತಿ ರವಿವಾರ ಹತ್ತು ನಿಮಿಷ ನಿಂತಲ್ಲೇ ಚಾಲೂ ಮಾಡುತ್ತಿದ್ದೆ. ಆ ಸದ್ದು ಕೇಳಿದರೆ ಸಾಕು, ಸುಮಂಗಲಾ ಚಹಾದ ಕಪ್ಪು ಹಿಡಿದು ಬಂದು ಕಿಟಕಿಯ ಪಕ್ಕ ಕೂಡುತ್ತಿದ್ದಳು. ಕಿಟಕಿಯಾಚೆ ಕಾಣುತ್ತಿದ್ದದ್ದು ಪಕ್ಕದ ಮನೆಯ ಕಾಂಪೌಂಡು.

"ಇವತ್ತ ಎಲ್ಲಿ ಮಟ ಬಂದ್ವಿರಿ?" ಎನ್ನುತ್ತಿದ್ದಳು.

"ಹಳಿಯಾಳ ದಾಟಿದ್ವಿ ನೋಡು."

"ಹಂಗಾರ ಜೋಯಿಡಾ ಕಾಡು ಬಂತು. ಸಾವಕಾಶ ಹೊಡೀರಿ."

ಹತ್ತು ನಿಮಿಷವಾದ ಮೇಲೆ ಇಂಜಿನ್ನು ಬಂದ್ ಮಾಡುತ್ತಿದ್ದೆ. ಅವಳು ಕಪ್ಪು ತೊಳೆದಿಟ್ಟು ಇಳಿಯುತ್ತಿದ್ದಳು. ಮೊದಮೊದಲು ಸರಾಗವಾಗಿ ಇಳಿದವಳು ಆಮೇಲೆ ಬಾಗಿಲು ಹಿಡಿದು ಇಳಿಯತೊಡಗಿದಳು. ಮೂರನೇ ವರ್ಷ ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ಬಿಟ್ಟು ಇಳಿಯುತ್ತಿದ್ದಳು. ನಾನು ಅದನ್ನು ನೋಡಿಲ್ಲವೆಂದಲ್ಲ. ನೋಡಿದ್ದೆ, ಆದರೆ ಟೈರಿನ ಗ್ರಿಪ್ಪನ್ನು ನೋಡಿದಷ್ಟು ಬಗ್ಗಿ ನೋಡಿರಲಿಲ್ಲ. ಈಗ ಹೇಳಲು ನಾಚಿಕೆಯಾಗುತ್ತದೆ.

ಹಳೇ ಹುಬ್ಬಳ್ಳಿಯಲ್ಲಿ ಮೌಲಾಸಾಬ್ ಎಂಬವನ ಟೈರಿನ ಅಂಗಡಿ ಇದೆ. ನನ್ನ ಸ್ಕೂಟರಿನ ಕಾಲದಿಂದ ಪರಿಚಯ. ಹೋದ ವರ್ಷ ಏನೋ ಕೆಲಸಕ್ಕೆ ಧಾರವಾಡಕ್ಕೆ ಬಂದವನು ನಮ್ಮ ಮನೆಗೂ ಬಂದ. ನಾನು ಹೆಮ್ಮೆಯಿಂದ ಕುಲಾಯಿ ತೆಗೆದು ಟೈರುಗಳ ದರ್ಶನ ಮಾಡಿಸಿದೆ. ಅವನು ಕುಕ್ಕರಗಾಲಲ್ಲಿ ಕೂತು ಮಗ್ಗುಲನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಮೂಸಿ ನೋಡಿದ. ಮುಖ ಸಣ್ಣದಾಯಿತು.

"ಸಾಹೇಬ್ರ, ಇವು ಮುಗದಾವ್ರಿ. ಬದಲ್ ಮಾಡ್ರಿ."

"ಮೌಲಾಸಾಬ್, ಕಣ್ಣ ಸರಿ ಐತಿಲ್ಲೊ? ಗ್ರಿಪ್ ನೋಡು. ಒಂದ ಮೈಲ್ ಓಡಿಲ್ಲ."

"ಅದಕ್ಕ ಹೇಳಾಕತ್ತೇನ್ರಿ. ಓಡಿಲ್ಲ ಅಂತನ ಮುಗದಾವು."

ಓಡದ ಟೈರು ಮುಗಿಯುವುದುಂಟೆ! ಇವನ ಅಂಗಡಿಯಲ್ಲಿ ಮಾಲು ಜಾಸ್ತಿ ಬಿದ್ದಿರಬೇಕು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ. ಚಹಾ ಕೊಟ್ಟು ಕಳಿಸಿದೆ. ಅಂದಿನಿಂದ ಅವನ ಅಂಗಡಿಯ ಮುಂದಿನ ರಸ್ತೆಯನ್ನೇ ಬಿಟ್ಟೆ. ಸ್ಕೂಟರಿನ ಪಂಚರಿಗೂ ಬೇರೆ ಕಡೆ ಹೋದೆ.

ಹೀಗಿರುವಾಗ ಈ ವರ್ಷ ಡಾಕ್ಟರು ಸುಮಂಗಲಾಳ ಮೊಣಕಾಲಿನ ಎಕ್ಸ್‌ರೇ ನೋಡಿ, ಎರಡನ್ನೂ ಬದಲಾಯಿಸದೆ ದಾರಿಯಿಲ್ಲ ಎಂದರು. ಬರುವ ಅಮಾವಾಸ್ಯೆ ಕಳೆದ ಮೇಲೆ ಆಪರೇಶನ್. ಆಮೇಲೆ ಆರು ತಿಂಗಳು ದೂರದ ಪ್ರವಾಸ ಇಲ್ಲ. ಮನೆಗೆ ಬಂದು ಸುಮಂಗಲಾ ಕುರ್ಚಿಯ ಮೇಲೆ ಕೂತು ಹೇಳಿದಳು.

"ನನಗ ಆಪರೇಶನ್ನಿಂದು ಅಂಜಿಕಿ ಇಲ್ರಿ. ಆದ್ರ ಹೆಂಗ ಆಗ್ತೈತೊ, ಆಮ್ಯಾಲೆ ಹೆಂಗ ನಡೀತೇನೊ ಯಾರಿಗೆ ಗೊತ್ತು? ಅದಕ್ಕ ಮದಲ ಒಂದ ಸಲ ಸಮುದ್ರಕ್ಕ ಕರಕೊಂಡ ಹೋಗ್ರಿ. ನೀರಾಗ ನನ್ನ ಈ ಕಾಲಮ್ಯಾಲೆನ ನಿಂತ ಬರ್ತೇನಿ."

ನನ್ನ ಬಳಿ ಯಾವ ಋತುವಿನ ಕಾರಣವೂ ಉಳಿಯಲಿಲ್ಲ. ಅಮಾವಾಸ್ಯೆಗೆ ಹತ್ತು ದಿನವಿತ್ತು. ಗುರುವಾರ ಹೊರಡುವುದು, ಅದಕ್ಕೂ ಮುಂಚೆ ಮಂಗಳವಾರ ಹತ್ತಿರದ ಅಮ್ಮಿನಬಾವಿಯವರೆಗೆ ಹೋಗಿ ಬಂದು ಗಾಡಿ ಪರೀಕ್ಷಿಸುವುದು ಎಂದು ಕಾರ್ಯಕ್ರಮ ಹೊರಡಿಸಿದೆ. ಸುಮಂಗಲಾ ಮಂಗಳವಾರ ಬೆಳಿಗ್ಗೆಯೇ ಬ್ಯಾಗು ಕಟ್ಟಿದಳು. ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಲೆ, ಎರಡು ಸೀರೆ, ಟಾವೆಲ್ಲು.

"ಅಮ್ಮಿನಬಾವಿಗೆ ಸೀರಿ ಯಾಕ?"

"ಮೊದಲನೇ ಸಲ ಹೊಂಟೇನ್ರಿ, ಇರ್ಲಿ."

ಹೊರಡುವಾಗ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿಕೊಂಡು ಹೋಗುವುದು ಶಾಸ್ತ್ರ. ಅವಳು ನಾಲ್ಕು ನಿಂಬೆಹಣ್ಣು ಇಟ್ಟಳು. ನಾನು ಇಳಿದು ಬಂದು ನಾಲ್ಕನ್ನೂ ಹಲಗೆಯಿಂದ ಮುಚ್ಚಿದೆ. ಹುಳಿ ರಬ್ಬರಿಗೆ ಒಳ್ಳೆಯದಲ್ಲವಲ್ಲ! ಹಲಗೆಯ ಮೇಲೆ ಗಾಲಿ ಹತ್ತಿದಾಗ ನಿಂಬೆಹಣ್ಣು ಒಡೆಯಲಿಲ್ಲ. ಪಕ್ಕಕ್ಕೆ ಚಿಮ್ಮಿ ಉರುಳಿಕೊಂಡು ಗಟಾರಕ್ಕೆ ಬಿದ್ದವು. "ಅವೂ ನಿಮ್ಮ ಕೈಯಾಗಿಂದ ಪಾರಾದ್ವು ನೋಡ್ರಿ" ಎಂದಳು ಸುಮಂಗಲಾ.

ಓಣಿ ದಾಟುತ್ತಿದ್ದಂತೆ ಧಡ್, ಧಡ್, ಧಡ್ ಎಂದು ಸದ್ದು ಶುರುವಾಯಿತು. ಗಾಡಿ ಕುದುರೆಯ ಹಾಗೆ ಕುಪ್ಪಳಿಸತೊಡಗಿತು. ಒಳಗೆ ಡಬ್ಬಿಗಳು ಕುಣಿದವು.

"ಏನ್ರಿ ಅದು?"

"ರಸ್ತೆ ಸರಿ ಇಲ್ಲ."

ಸವದತ್ತಿ ರಸ್ತೆಗೆ ಬಂದೆವು. ನುಣ್ಣನೆಯ ಡಾಂಬರು. ಧಡ್, ಧಡ್, ಧಡ್!

"ಈಗೇನ್ರಿ?"

"ಈ ರಸ್ತೆ ಇನ್ನೂ ಸರಿ ಇಲ್ಲ."

ಅಮ್ಮಿನಬಾವಿ ಇನ್ನೇನು ಕಾಣಬೇಕು ಎನ್ನುವಾಗ ಹಿಂದಿನಿಂದ ಒಂದು ಢಂ! ಮೇಯುತ್ತಿದ್ದ ಎಮ್ಮೆಗಳು ಬಾಲ ಎತ್ತಿ ಓಡಿದವು. ಪುಣ್ಯಕ್ಕೆ ನಾನು ಎತ್ತಿನ ಬಂಡಿಗೂ ದಾರಿ ಬಿಡುವ ವೇಗದಲ್ಲಿದ್ದೆ. ಗಾಡಿ ವಾಲಿಕೊಂಡು ರಸ್ತೆಯ ಪಕ್ಕ ನಿಂತಿತು. ಇಳಿದು ನೋಡಿದರೆ ಹಿಂದಿನ ಎಡಗಾಲಿಯ ಟೈರಿನ ಮೇಲ್ಪದರ ಪೂರ್ತಿ ಸುಲಿದು, ನೂರು ಹೆಜ್ಜೆ ಹಿಂದೆ ರಸ್ತೆಯ ನಡುವೆ ಬಿದ್ದಿತ್ತು. ಗ್ರಿಪ್ಪು ಆಗಲೂ ಸವೆದಿರಲಿಲ್ಲ.

ನಾನು ಧೃತಿಗೆಡಲಿಲ್ಲ. ನನ್ನ ಬಳಿ ಸ್ಟೆಪ್ನಿ ಇತ್ತು! ಗಾಡಿಯನ್ನು ಜಾಕಿನ ಮೇಲೆ ಏರಿಸಿ, ಸ್ಟೆಪ್ನಿಯ ಇಳಕಲ್ ಸೀರೆ ಬಿಚ್ಚಿದೆ. ಒಂದು ಪದರ ಪ್ಲಾಸ್ಟಿಕ್ಕು ಬಿಚ್ಚಿದೆ. ಎರಡನೆಯದು ಬಿಚ್ಚಿದೆ. ಹೊಲದಿಂದ ಕುಡುಗೋಲು ಹಿಡಿದು ಬಂದ ಒಬ್ಬ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದಳು.

"ಏನ್ ಬಿಚ್ಚಾಕತ್ತೀರಿ ಯಪ್ಪಾ? ದೇವರೇನ್ರಿ?"

"ಟೈರ್ ಅಜ್ಜಿ."

"ಮತ್ತ ವಗ್ಗರಣಿ ವಾಸನಿ ಬರಾಕತ್ತೈತಿ?"

ಮೂರನೇ ಪದರ ಬಿಚ್ಚಿದೆ. ಸ್ಟೆಪ್ನಿಯ ಮಗ್ಗುಲಿನ ತುಂಬ ಬೇಸಿಗೆಯ ಕೆರೆಯ ತಳದಂತೆ ಬಿರುಕು! ಒಂದು ಕಡೆ ಇಲಿ ಬೆರಳು ತೂರುವಷ್ಟು ಕಡಿದಿತ್ತು. ಮೂರು ಸುತ್ತಿನ ಒಳಗೆ ಅದು ಹೇಗೆ ಹೋಯಿತೋ, ಹೋಗಿ ಯಾವಾಗ ಊಟ ಮಾಡಿ ಬಂತೋ ದೇವರಿಗೇ ಗೊತ್ತು. ನಾನು ರಸ್ತೆಯ ಮೇಲೆ ಕುಸಿದು ಕೂತೆ. ಅಮಾವಾಸ್ಯೆಗೆ ಏಳು ದಿನ ಉಳಿದಿತ್ತು.

"ಮೌಲಾಸಾಬಣ್ಣಗ ಫೋನ್ ಮಾಡ್ಲೇನ್ರಿ?" ಎಂದಳು ಸುಮಂಗಲಾ ಕಿಟಕಿಯಿಂದ.

"ಬ್ಯಾಡ."

"ಮಾಡಿದ್ದಾತ್ರಿ."

ಮೌಲಾಸಾಬ್ ಬರಲು ಎರಡು ತಾಸು ಹಿಡಿಯಿತು. ಆ ಎರಡು ತಾಸು ನಾನು ತಲೆ ತಗ್ಗಿಸಿ ಕೂತಿದ್ದೆ. ಸುಮಂಗಲಾ ಮಾತ್ರ ಒಲೆ ಹಚ್ಚಿದಳು. ವಾಲಿದ ಗಾಡಿಯಲ್ಲಿ ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದು ಚಹಾ ಕಾಸಿದಳು. ಅಜ್ಜಿಯನ್ನು ಒಳಗೆ ಕರೆದು ಮಂಚದ ಮೇಲೆ ಕೂಡಿಸಿದಳು. ಇಬ್ಬರೂ ರೊಟ್ಟಿ ಚಟ್ನಿ ತಿಂದರು. ಅಜ್ಜಿ ಗಾಡಿಯೊಳಗಿನ ನಲ್ಲಿ ತಿರುವಿ ತಿರುವಿ ನೋಡಿ, "ಛಲೋ ಐತಿ ತಂಗಿ. ಹೀಂಗ ಊರ ಮುಂದ ನಿಂದರಸ್ಕೊಂಡ ಇರಾಕ ತಗೊಂಡೀರೇನ?" ಎಂದು ಕೇಳಿದಳು. ಸುಮಂಗಲಾ ನಕ್ಕಿದ್ದು ಹೊರಗೆ ನನಗೆ ಕೇಳಿಸಿತು. ನನಗೆ ನಗು ಬರಲಿಲ್ಲ.

ಮೌಲಾಸಾಬ್ ಟೆಂಪೋದಲ್ಲಿ ಐದು ಟೈರು ಹಾಕಿಕೊಂಡೇ ಬಂದ. ಎಷ್ಟು ಬೇಕೆಂದು ನಾವು ಹೇಳಿರಲಿಲ್ಲ! ವರ್ಷದಿಂದ ಮುಖ ತಪ್ಪಿಸಿದ್ದ ನನಗೆ ಒಂದು ಚುಚ್ಚುಮಾತೂ ಆಡಲಿಲ್ಲ. ಸುಲಿದ ಟೈರಿನ ಮುಂದೆ ಕೂತು 2215ರ ಮೇಲೆ ಬೆರಳಿಟ್ಟ.

"ಇದೇನ್ರಿ ಸಾಹೇಬ್ರ?"

"ಅದು ಮಾಲಿನ ನಂಬರ್."

"ಅಲ್ರಿ. ಹುಟ್ಟಿದ ತಾರೀಖು. ಹದಿನೈದನೇ ಇಸವಿ, ಇಪ್ಪತ್ತೆರಡನೇ ವಾರ. ನೀವು ತಗೊಂಡಾಗನ ಇವಕ್ಕ ವಯಸ್ಸಾಗಿತ್ತು."

ಮೂವತ್ತಾರು ವರ್ಷ ಉಗ್ರಾಣದಲ್ಲಿ ಸಂಖ್ಯೆಗಳ ನಡುವೆಯೇ ಬದುಕಿದ ನನಗೆ, ನಾಲ್ಕು ವರ್ಷ ದಿನಾ ಕಣ್ಣೆದುರು ಇದ್ದ ಜನ್ಮಪತ್ರಿಕೆ ಓದಲು ಬಂದಿರಲಿಲ್ಲ.

"ಗ್ರಿಪ್ ನೋಡಿ ಟೈರ್ ಬದಲ್ ಮಾಡೋದು ದಿನಾ ಓಡು ಗಾಡಿಗ್ರಿ," ಎಂದ ಮೌಲಾಸಾಬ್. "ನಿಂತಿರು ಗಾಡಿಗೆ ವಯಸ್ಸ ನೋಡ್ಬೇಕು. ಐದ ವರ್ಷ ಆದಮ್ಯಾಲೆ ವರ್ಷಕ್ಕೊಮ್ಮಿ ತೋರಸ್ರಿ. ಮಗ್ಗಲಾಗ ಬಿರುಕ ಬಿಟ್ಟಾವೇನ, ಉಬ್ಬೇತೇನ ನೋಡ್ರಿ. ಆರೇಳ ವರ್ಷ ಆತಂದ್ರ ಗ್ರಿಪ್ ಇರ್ಲಿ ಬಿಡ್ಲಿ, ಕೈಮುಗದು ಕಳಸ್ರಿ. ಆಮ್ಯಾಲೆ ರಬ್ಬರ್‌ನ್ಯಾಗ ಒಂದ ನಮೂನಿ ಮೇಣ ಹಾಕಿರ್ತಾರ್ರಿ. ಗಾಲಿ ತಿರುಗಿದಂಗ, ಟೈರ್ ಮಣಿದಂಗ ಅದು ಮ್ಯಾಲ ಬಂದು ತಾನ ಕಾಪಾಡ್ತೈತಿ. ನಿಂತಲ್ಲೆ ನಿಂತ್ರ ಅದು ಬರೂದಿಲ್ಲ. ನಾಕ ವರ್ಷ ಒಂದ ಜಾಗಾದಾಗ ಭಾರ ಬಿದ್ದು ಚಪ್ಪಟಿ ಆಗ್ಯಾವು, ಅದಕ್ಕ ಧಡ್ ಧಡ್ ಅಂದಾವು. ಇದ್ದಷ್ಟ ಮೇಣಾನೂ ನೀವು..." ಎಂದು ಬೆರಳು ಮೂಸಿ ನೋಡಿ ಮಾತು ನಿಲ್ಲಿಸಿದ. "ಏನ್ ಹಚ್ಚೀರಿ?"

ನಾನು ಬಗ್ಗಿ ಜಾಕನ್ನು ಪರೀಕ್ಷಿಸತೊಡಗಿದೆ.

"ಕುಸುಬಿ ಎಣ್ಣಿ," ಎಂದಳು ಸುಮಂಗಲಾ ಒಳಗಿನಿಂದ. "ಸೀಗೇಪುಡಿ ಹಾಕಿ ಎರದಾರ. ಆರತೀನೂ ಮಾಡಿಸ್ಯಾರ."

ಮೌಲಾಸಾಬ್ ಬಹಳ ಸಂಭಾವಿತ ಮನುಷ್ಯ. ನಗಲಿಲ್ಲ. ಎದ್ದು ಟೆಂಪೋದ ಹಿಂದೆ ಹೋದ. ಅಲ್ಲಿ ಅವನ ಭುಜ ಕುಲುಕುವುದು ಮಾತ್ರ ಕಾಣಿಸಿತು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ನಟ್ಟು ಬಿಚ್ಚುವ ಪಾನಾ ಹಿಡಿದು ಬಂದ. "ಎಣ್ಣಿ ರಬ್ಬರ್ ತಿಂತೈತ್ರಿ ಸಾಹೇಬ್ರ. ಬರೇ ನೀರಿಂದ ತೊಳೀರಿ, ಸಾಕು. ಕುಲಾಯಿ ಹೊಲಿಸಿದ್ದು ಮಾತ್ರ ಖರೇನ ಛಲೋ ಕೆಲಸ. ಹಲಗಿನೂ ಛಲೋ. ಹವಾ ಕಮ್ಮಿ ಆಗಾಕ ಬಿಡಬ್ಯಾಡ್ರಿ. ಎಲ್ಲಾದಕಿಂತ ಮದಲ, ವಾರದಾಗ ಒಮ್ಮಿ ಅಕ್ಕಾರ್ನ ಕೂಡಿಸ್ಕೊಂಡು ನಾಕ ಮೈಲ್ ತಿರುಗ್ಯಾಡಿ ಬರ್ರಿ."

ಅವನು ಟೈರು ಹಾಕುತ್ತಿದ್ದಾಗ ನಾನು ಒಳಗೆ ಹೋದೆ. ಅಜ್ಜಿ ಹೊಲಕ್ಕೆ ಮರಳಿದ್ದಳು. ಸುಮಂಗಲಾ ಮಂಚದ ಮೇಲೆ ಕಾಲು ಚಾಚಿ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು. ಎದುರಿಗೆ ಕೂತು ನೇರವಾಗಿ ಹೇಳಿಬಿಟ್ಟೆ.

"ಸುಮಾ, ತಪ್ಪಾತು. ನಾಕ ವರ್ಷದ ಹಿಂದ ಈ ಮೆಟ್ಟಲಾ ನೀ ಸರಾಗ ಹತ್ತತಿದ್ದಿ. ಆವಾಗ ಕರಕೊಂಡ ಹೋಗಬೇಕಿತ್ತು. ನಾ ಟೈರ್ ಉಳಸ್ತೇನಿ ಅಂತ ನಿನ್ನ ನಾಕ ವರ್ಷ ಕಳದೆ."

ಅವಳು ಮೊಣಕಾಲು ನೀವುವುದನ್ನು ನಿಲ್ಲಿಸಿದಳು. ಕಣ್ಣು ಒದ್ದೆಯಾಗಿದ್ದವು. "ಟೈರೂ ಉಳೀಲಿಲ್ಲಲ್ರಿ" ಎಂದಳು. ಆಮೇಲೆ ನನ್ನ ಕೈ ಹಿಡಿದು, "ಸಿಟ್ಟ ಬಂದಿತ್ರಿ. ಬಾಳ ಸಲ ಬಂದಿತ್ತು. ಈಗ ಏಳ ದಿವಸ ಅದಾವು, ಸಿಟ್ಟಿಗೆ ಯಾಕ ಹಾಕೋಣು? ಸೀರಿ ತಂದೇನಿ. ಇಲ್ಲಿಂದನ ಹೋಗೋಣು" ಎಂದಳು. ಬ್ಯಾಗಿನಲ್ಲಿ ಎರಡು ಸೀರೆ ಏಕಿದ್ದವೆಂದು ನನಗೆ ಆಗ ತಿಳಿಯಿತು. ನನ್ನ ಗುರುವಾರದ ಮೇಲೆ ಅವಳಿಗೆ ನಂಬಿಕೆ ಇರಲೇ ಇಲ್ಲ.

ಹೋದೆವು! ಮೌಲಾಸಾಬ್ ಐದನೇ ಟೈರನ್ನು ಸ್ಟೆಪ್ನಿಯ ಜಾಗದಲ್ಲಿ ಬಿಗಿದು, ಹವಾ ನೋಡಿ, ನೂರು ಕಿಲೋಮೀಟರಿಗೊಮ್ಮೆ ನಟ್ಟು ಬಿಗಿಯಲು ಹೇಳಿ ಬೀಳ್ಕೊಟ್ಟ. ಹಳಿಯಾಳ ನಿಜವಾಗಿಯೂ ದಾಟಿದೆವು. ಕಾಡು ಬಂದಾಗ ಸುಮಂಗಲಾ ಕಿಟಕಿಯ ಪರದೆ ಸರಿಸಿ ಹೊರಗೆ ನೋಡುತ್ತ ಕೂತಿದ್ದಳು. ರಾತ್ರಿ ದಾರಿಯಲ್ಲಿ ತಂಗಿ, ಮರುದಿನ ಹೊತ್ತೇರುವ ಮುಂಚೆ ಕಾರವಾರದ ಕಡೆಯ ಒಂದು ಮೀನುಗಾರರ ಊರಿಗೆ ಬಂದೆವು. ಡಾಂಬರು ಮುಗಿದು ಮರಳು ಶುರುವಾಗುವಲ್ಲಿ ನಾನು ಬ್ರೇಕು ಹಾಕಿದೆ. ನೀರು ಅಲ್ಲಿಂದ ಎರಡು ಫರ್ಲಾಂಗು ದೂರ.

ಯಾಕೆ ನಿಲ್ಲಿಸಿದೆನೆಂದು ಕೇಳಬೇಡಿ. ಹೊಸ ಟೈರು. ಉಪ್ಪುನೀರು. ಅಷ್ಟೇ.

ಸುಮಂಗಲಾ ಬಾಗಿಲಲ್ಲಿ ನಿಂತು ದೂರವನ್ನು ಅಳೆದಳು. ಒಂದು ಮೆಟ್ಟಿಲು ಇಳಿದಳು. ಮತ್ತೆ ನಿಂತಳು. "ಇಲ್ಲಿಂದನ ನೋಡೋಣು ಬಿಡ್ರಿ. ಕಾಣಸ್ತೈತಿ" ಎಂದು ಆ ಮೆಟ್ಟಿಲ ಮೇಲೆಯೇ ಕೂತಳು.

ಅವಳನ್ನು ಕೈಹಿಡಿದು ಎಬ್ಬಿಸಿ ಒಳಗೆ ಕೂಡಿಸಿದೆ. ಇಂಜಿನ್ನು ಚಾಲೂ ಮಾಡಿದೆ. ದೋಣಿ ಎಳೆಯುವ ದಾರಿಯಲ್ಲಿ ಗಾಡಿಯನ್ನು ಇಳಿಸಿ, ಗಟ್ಟಿ ಮರಳಿನ ಮೇಲೆ ಹಾಯಿಸಿ, ನೀರಿನ ಅಂಚಿಗೆ ಇಪ್ಪತ್ತು ಹೆಜ್ಜೆ ಇರುವಾಗ ಮುಖ ಊರ ಕಡೆ ತಿರುಗಿಸಿ ನಿಲ್ಲಿಸಿದೆ. ಬದುಕಿನಲ್ಲಿ ನಾನು ಮನಃಪೂರ್ವಕವಾಗಿ ಇಶ್ಯೂ ಮಾಡಿದ, ಅಂದರೆ ಬಳಸಲು ಹೊರಗೆ ಬಿಟ್ಟ ಮೊದಲ ಮಾಲು ಆ ಟೈರುಗಳು!

ನನ್ನ ಭುಜ ಹಿಡಿದು ಅವಳು ಇಪ್ಪತ್ತು ಹೆಜ್ಜೆ ನಡೆದಳು. ತೆರೆ ಬಂದು ಕಾಲು ಮುಚ್ಚಿತು. ಕೆಳಗಿನ ಮರಳು ಸರಿದಾಗ "ಅಯ್ಯ! ಅಯ್ಯ, ಹಿಡೀರಿ!" ಎಂದು ನನ್ನನ್ನು ಎರಡೂ ಕೈಯಿಂದ ಅವುಚಿದಳು. ಎರಡನೇ ತೆರೆಗೆ ಕೂಗಲಿಲ್ಲ. ಮೂರನೆಯದಕ್ಕೆ ಒಂದು ಕೈ ಬಿಟ್ಟಳು. ನಾಲ್ಕನೆಯದಕ್ಕೆ ತಾನೇ ನಿಂತಳು, ತನ್ನ ಕಾಲಿನ ಮೇಲೆ. ಗಾಳಿಗೆ ಸೆರಗು ಹಾರುತ್ತಿತ್ತು. ಅವಳ ಮುಖ ನೋಡುತ್ತ ನನಗೆ ಅಳು ಬಂತು. ಉಪ್ಪುಗಾಳಿ ಕಣ್ಣಿಗೆ ಹೋಯಿತೆಂದು ಹೇಳಿದೆ.

"ಇನ್ನೊಂದ ತೆರಿ," ಎಂದಳು. "ಅದೊಂದ ಆಗ್ಲಿ." ಹೀಗೆ ಇನ್ನೊಂದು, ಮತ್ತೊಂದು ಎನ್ನುತ್ತ ಒಂದು ತಾಸು ಕಳೆಯಿತು. ಹಿಂದೆ ಯಾರೋ ಕೂಗಿದಂತಾಯಿತು. ತಿರುಗಿ ನೋಡಿದೆ. ಸಮುದ್ರಕ್ಕೆ ಭರತ ಬಂದು ನೀರು ಏರಿತ್ತು! ನಮ್ಮ ಮನೆ ನೀರಿನಲ್ಲಿ ನಿಂತಿತ್ತು. ಹಿಂದಿನ ಎರಡೂ ಗಾಲಿ ಅರ್ಧದವರೆಗೆ ಮರಳಿನಲ್ಲಿ ಹೂತಿದ್ದವು. ಒಂದು ದಿನದ ಟೈರುಗಳ ಮೇಲೆ ಅರಬ್ಬೀ ಸಮುದ್ರ ಆಡುತ್ತಿತ್ತು.

ಮೀನುಗಾರರು ಹತ್ತು ಹನ್ನೆರಡು ಮಂದಿ ಹಗ್ಗ ಹಿಡಿದು ಓಡಿಬಂದರು. ಅವರ ಪೈಕಿ ಒಬ್ಬ ಸ್ಟೇರಿಂಗಿಗೆ ಕೂತ, ಉಳಿದವರು ಮುಂದಿನಿಂದ ಎಳೆದರು. ಅಪರಾಧಿಯಾದ ನಾನು ಹಿಂದೆ ನಿಂತು ಸರ್ವಶಕ್ತಿಯಿಂದ ತಳ್ಳಿದೆ. ಗಾಲಿ ಗಿರ್ರೆಂದು ತಿರುಗಿತು. ಗ್ರಿಪ್ಪು ಚೆನ್ನಾಗಿತ್ತು, ಅಲ್ಲಿದ್ದ ಹಸಿ ಮರಳನ್ನೆಲ್ಲ ಒಂದು ಕಾಳೂ ಬಿಡದೆ ಎತ್ತಿ ನನ್ನ ಮುಖಕ್ಕೆ ಹೊಡೆಯಿತು! ಗಾಡಿ ಮೇಲಕ್ಕೆ ಹೋಯಿತು. ನಾನು ಕೆಳಗೆ ಬಿದ್ದೆ. ಕಣ್ಣು, ಮೂಗು, ಕಿವಿ, ಬಾಯಿ ಎಲ್ಲ ಮರಳು.

ಒರೆಸಿಕೊಂಡು ಕಣ್ಣು ಬಿಟ್ಟರೆ ಸುಮಂಗಲಾ ದೋಣಿಯೊಂದರ ಅಂಚು ಹಿಡಿದು ನಗುತ್ತಿದ್ದಳು. ಬಗ್ಗಿ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಳು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ನನ್ನ ಬಾಯಿತುಂಬ ಮರಳು ಮಾತ್ರ ಎಂದು ಮೊದಲೇ ಗೊತ್ತಾಗಿದ್ದರೆ, ಮದುವೆಯ ಮರುದಿನವೇ ಬಂದು ಬೀಳುತ್ತಿದ್ದೆ!